ಲೋಡರ್‌ಗೆ ಗ್ರ್ಯಾಪಲ್: ನನಗೆ ಡೈವರ್ಟರ್ ವಾಲ್ವೇ ಸಾಕಾಯಿತು

ನನ್ನ ಸಣ್ಣ ಟ್ರ್ಯಾಕ್ಟರ್‌ನ ಮುಂದಿನ ಲೋಡರ್‌ಗೆ ದಿಮ್ಮಿ, ಕೊಂಬೆ ಕಚ್ಚಿ ಹಿಡಿಯುವ ಗ್ರ್ಯಾಪಲ್ ಹಾಕಬೇಕಿತ್ತು. ಬಟನ್ ಒತ್ತಿದಾಗ ಬಕೆಟ್ ಮಡಚುವ ಲೈನಿನ ಎಣ್ಣೆಯನ್ನೇ ಗ್ರ್ಯಾಪಲ್ ಕಡೆಗೆ ತಿರುಗಿಸುವ ಡೈವರ್ಟರ್ ವಾಲ್ವ್ ಹಾಕುತ್ತೇನೆ ಅಂದೆ. ಸಣ್ಣ ಟ್ರ್ಯಾಕ್ಟರ್ ಪಂಪ್‌ಗೆ ಅಷ್ಟು ದಮ್ಮಿಲ್ಲ, ಡೈವರ್ಟರ್ ಹಾಕಿದರೆ ಹಿಡಿತ ನಿಲ್ಲಲ್ಲ, ಸುಮ್ನೆ ಥರ್ಡ್ ಫಂಕ್ಷನ್ ಕಿಟ್ (ಗ್ರ್ಯಾಪಲ್‌ಗೇ ಬೇರೆ ವಾಲ್ವ್, ಬೇರೆ ಲೈನ್) ತಗೊಳ್ಳಿ ಅಂತ ನಾನು ಕೇಳಿದವರೆಲ್ಲ ಹೇಳಿದರು. ಕಿಟ್‌ಗೆ ಹೋಗುತ್ತಿದ್ದ ದುಡ್ಡಿನ ಮೂರನೇ ಒಂದು ಭಾಗದಲ್ಲಿ ನನ್ನ ಕೆಲಸ ಮುಗಿದಿದೆ. ದಿಮ್ಮಿ ಕಚ್ಚಿ ಎತ್ತಿ ನಿಲ್ಲಿಸಿದರೆ ಅಲ್ಲಾಡುವುದಿಲ್ಲ.

ದಮ್ಮಿನ ಮಾತು ಮೊದಲು. ನನ್ನ ಪಂಪ್ ನಿಮಿಷಕ್ಕೆ 25 ಲೀಟರ್ ಆಸುಪಾಸು, ಒತ್ತಡ 160 ಬಾರ್ ಇರಬೇಕು. ಎರಡು ಇಂಚು ಬೋರಿನ ಸಿಲಿಂಡರ್‌ಗೆ ಅಷ್ಟು ಸಿಕ್ಕರೆ ಮೂರು ಟನ್‌ಗೂ ಜಾಸ್ತಿ ತಳ್ಳುತ್ತದೆ. ಇನ್ನೆಷ್ಟು ಬೇಕು? ಬಟನ್ ಬಿಟ್ಟ ಕೂಡಲೇ ಗ್ರ್ಯಾಪಲ್ ಪೋರ್ಟ್ ಮುಚ್ಚಿಕೊಂಡು ಎಣ್ಣೆ ಅಲ್ಲೇ ನಿಲ್ಲುತ್ತದೆ. ಸ್ಪೂಲ್‌ನಲ್ಲಿ (ವಾಲ್ವ್ ಒಳಗೆ ಜರುಗುವ ಕಡ್ಡಿ) ಎಣ್ಣೆ ಸ್ವಲ್ಪ ಜಾರುತ್ತದೆ, ಅದನ್ನು ತಡೆಯಲು ಪೈಲಟ್ ಚೆಕ್ ವಾಲ್ವ್ ಹಾಕಿದ್ದೇನೆ, ನಾವು ತೆರೆಯುವವರೆಗೆ ಅದು ಎಣ್ಣೆಯನ್ನು ವಾಪಸ್ ಬಿಡುವುದಿಲ್ಲ.

ಡೈವರ್ಟರ್‌ಗೆ ಮೊದಲು ಹಿಂದಿನ ರಿಮೋಟ್‌ನಿಂದ (ಟ್ರ್ಯಾಕ್ಟರ್ ಹಿಂಭಾಗದ ಹೈಡ್ರಾಲಿಕ್ ಎಣ್ಣೆಯ ಪೋರ್ಟ್) ಮುಂದಕ್ಕೆ ಹೋಸ್ ಎಳೆದು ನೋಡಿದ್ದೆ. ಕೆಲಸ ಮಾಡಿತು, ಆದರೆ ಪ್ರತಿ ಸಲ ಲಿವರ್‌ಗೆ ಹಿಂದೆ ಕೈ ಚಾಚಬೇಕು. ಲೋಡರ್ ತೋಳಿನ ಪಿನ್ ಹತ್ತಿರ ಹೋಸ್ ಸಿಕ್ಕಿಕೊಂಡು ಮೇಲಿನ ರಬ್ಬರ್ ಕಿತ್ತು ಬಂತು. ಕೈ ಕಚ್ಚಿದ್ದು ವಾಲ್ವಲ್ಲ, ಹೋಸ್. ಅವನ್ನೇ ಕತ್ತರಿಸಿ ಹೊಸ ತುದಿ ಕ್ರಿಂಪ್ ಮಾಡಿಸಿ ಡೈವರ್ಟರ್‌ಗೆ ಬಳಸಿದೆ, ಅರ್ಧ ನಷ್ಟ ಅಲ್ಲಿ ತುಂಬಿತು.

ಆಮೇಲೆ ಫಿಟಿಂಗ್ ಕಾಟ. ಬಿಎಸ್‌ಪಿ (ಬ್ರಿಟಿಷ್ ಪೈಪ್ ಎಳೆ) ಕೇಳಿದರೆ ಎನ್‌ಪಿಟಿ (ಅಮೆರಿಕದ ಪೈಪ್ ಎಳೆ) ಅಡಾಪ್ಟರ್ ಕಳಿಸಿದ್ದರು. ಅರ್ಧ ಇಂಚಲ್ಲಿ ಎರಡಕ್ಕೂ ಇಂಚಿಗೆ 14 ಎಳೆ, ಹಾಗಾಗಿ ತಿರುಗಿಸಿದರೆ ಸರಾಗವಾಗಿ ಕೂರುತ್ತದೆ, ಆದರೆ ಎಳೆಯ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60, ಒತ್ತಡ ಏರಿದ ಕೂಡಲೇ ಎಣ್ಣೆ ತೊಟ್ಟಿಕ್ಕುತ್ತದೆ. ಟೇಪ್ ಎಷ್ಟು ಸುತ್ತಿದರೂ ನಿಲ್ಲಲ್ಲ. ಸೋರಿಕೆ ಹುಡುಕಲು ರಟ್ಟು ಹಿಡಿಯಿರಿ, ಕೈಯಂತೂ ಬೇಡ. ಆ ಒತ್ತಡದ ಎಣ್ಣೆ ಚರ್ಮದೊಳಗೇ ಹೊಕ್ಕುತ್ತದೆ.

ಬಟನ್ ಒತ್ತಿದಾಗ ಡೈವರ್ಟರ್ ವಾಲ್ವನ್ನು ತಿರುಗಿಸುವ ವಿದ್ಯುತ್ ಕಾಯಿಲ್ ಮೂರು ಆಂಪಿಯರ್ ಎಳೆಯುತ್ತದೆ. ರಿಲೇ, ಫ್ಯೂಸ್ ಎಲ್ಲರೂ ಹಾಕ್ತಾರೆ, ಆಫ್ ಮಾಡಿದಾಗ ಕಾಯಿಲ್‌ನಲ್ಲಿ ಏಳುವ ವೋಲ್ಟೇಜ್ ಏಟು ತಡೆಯಲು ಅದಕ್ಕೆ ಅಡ್ಡಲಾಗಿ ಡಯೋಡ್ ಕೂಡ ಹಾಕಿ. ಅದಿಲ್ಲದೆ ರಿಲೇ ಕಾಂಟ್ಯಾಕ್ಟ್ ಕರಕಲಾಗಿತ್ತು.

ಗ್ರ್ಯಾಪಲ್ ಫಟ್ಟನೆ ಮುಚ್ಚುತ್ತಿತ್ತು. ಪೋರ್ಟ್‌ನಲ್ಲಿ ಸಣ್ಣ ತೂತಿನ ತಡೆ ಕೂರಿಸಿದ ಮೇಲೆ ಎಷ್ಟು ಬೇಕೋ ಅಷ್ಟೇ ಬರುತ್ತದೆ. ತೂತಿನ ಅಳತೆ ನನ್ನಲ್ಲೇ ಇರಲಿ, ಅದಕ್ಕೆ ತುಂಬಾ ಕೊರೆದಿದ್ದೇನೆ. ಪಿನ್ ಹತ್ತಿರ ಹೋಸ್ ತಿರುಗಿಸಿದ ರೀತಿಯೂ ಅಷ್ಟೇ.

ಮಧ್ಯೆ ಹಿಡಿತದ ಕಡೆಗೆ ಪುಟ್ಟ ಅಕ್ಯುಮುಲೇಟರ್ (ಒತ್ತಡದಲ್ಲಿ ಎಣ್ಣೆ ಕೂಡಿಡುವ ಡಬ್ಬಿ) ಸೇರಿಸಿ ನೋಡಿದೆ. ಕೊಂಬೆಯ ಹೊರೆ ಕುಸಿದರೂ ಹಿಡಿತ ಸಡಿಲವಾಗಲಿಲ್ಲ, ಭಲೇ ಅನಿಸಿತು. ಆದರೆ ಎಂಜಿನ್ ಆಫ್ ಮಾಡಿದರೂ ಒಳಗೆ ಒತ್ತಡ ಉಳಿಯುತ್ತದೆ, ಕಪ್ಲರ್ (ಹೋಸ್ ಜೋಡಿಸುವ ಕೊಂಡಿ) ಬಿಚ್ಚಲಾಗದು, ಅಪಾಯ ಬೇರೆ. ತೆಗೆದಿಟ್ಟೆ.

ಡೈವರ್ಟರ್‌ನಲ್ಲಿ ಕರ್ಲ್ (ಬಕೆಟ್ ಮಡಚುವುದು) ಮತ್ತು ಗ್ರ್ಯಾಪಲ್ ಒಟ್ಟಿಗೆ ಓಡುವುದಿಲ್ಲ, ನಿಜ. ದಿನವಿಡೀ ಕೊಂಬೆ ಎತ್ತಿದರೂ ನನಗೆ ಅದು ಬೇಕು ಅನಿಸಿಲ್ಲ. ಗ್ರ್ಯಾಪಲ್ ತೂಕ ಎತ್ತುವ ಶಕ್ತಿಯಲ್ಲೇ ಕಳೆಯುತ್ತದೆ, ಹಿಂದೆ ಭಾರ ಕಟ್ಟದೆ ಹೊರಡಬೇಡಿ. ಈಗ ಅದೇ ಕಪ್ಲರ್‌ಗೆ ಆಂಗಲ್ ಬ್ಲೇಡಿನ ಸಿಲಿಂಡರ್ ಜೋಡಿಸುತ್ತಿದ್ದೇನೆ.