ಘೋಷವಾಕ್ಯದಲ್ಲಿ ತಂತ್ರಾಂಶದ ಕೆಲಸ ಕಾಣಿಸಲಿ

ತಂತ್ರಾಂಶಗಳಿಗೆ ಘೋಷವಾಕ್ಯ ಬರೆಯುವ ಗೆಳೆಯರಲ್ಲಿ ಒಂದು ಕಳಕಳಿಯ ಸಲಹೆ: ‘ನೆಕ್ಸ್ಟ್ ಜೆನ್’, ‘ಸ್ಮಾರ್ಟ್ ಸಲ್ಯೂಷನ್’, ‘ಎಐ ಆಧಾರಿತ ಸಮಗ್ರ ಪರಿಹಾರ’ ಎಂಬಂಥ ಮಾತುಗಳನ್ನು ಅಂತಿಮಗೊಳಿಸುವ ಮುನ್ನ, ಅದೇ ಸಾಲಿನಲ್ಲಿ ಪ್ರತಿಸ್ಪರ್ಧಿಯ ಹೆಸರನ್ನಿಟ್ಟು ಓದಿ ನೋಡಿ. ಅರ್ಥ ಕೊಂಚವೂ ಕೆಡದಿದ್ದರೆ ಆ ಸಾಲು ನಿಮ್ಮ ತಂತ್ರಾಂಶದ ಬಗ್ಗೆ ಏನನ್ನೂ ಹೇಳುತ್ತಿಲ್ಲ.

2004ರ ಏಪ್ರಿಲ್‌ನಲ್ಲಿ ಜಿಮೇಲ್ ಬಂದಾಗ ಜನರ ಗಮನ ಸೆಳೆದದ್ದು 1 ಜಿಬಿ ಜಾಗ ಉಚಿತ ಎಂಬ ಮಾತು. ಆಗ ಇನ್ನೊಂದು ಇಮೇಲ್ ಸೇವೆಯಾದ ಹಾಟ್‌ಮೇಲ್‌ನಲ್ಲಿ ಉಚಿತವಾಗಿ ಸಿಗುತ್ತಿದ್ದದ್ದು 2 ಎಂಬಿ ಮಾತ್ರವಾದ್ದರಿಂದ, ಹಳೆಯ ಪತ್ರಗಳನ್ನು ಅಳಿಸುತ್ತ ಕೂರಬೇಕಾಗಿಲ್ಲ, ಬೇಕಾದಾಗ ಹುಡುಕಿಕೊಂಡರಾಯಿತು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಿರಾಣಿ ಅಂಗಡಿಯ ಬಿಲ್ಲಿಂಗ್ ತಂತ್ರಾಂಶಕ್ಕೆ ‘ವ್ಯಾಪಾರಕ್ಕೆ ಡಿಜಿಟಲ್ ಬಲ’ ಎನ್ನುವುದಕ್ಕಿಂತ ‘ಇಂಟರ್ನೆಟ್ ಇಲ್ಲದಿದ್ದರೂ ಜಿಎಸ್‌ಟಿ ಬಿಲ್ ಮುದ್ರಿಸಿ’ ಎಂದು ಬರೆಯುವುದು ಎಷ್ಟೋ ಮೇಲು, ಏಕೆಂದರೆ ಪದೇ ಪದೇ ನೆಟ್‌ವರ್ಕ್ ಕೈಕೊಡುವ ಊರುಗಳ ಅಂಗಡಿಯವರಿಗೆ, ಎದುರಿಗೆ ಗಿರಾಕಿ ಕಾದು ನಿಂತಿರುವಾಗ, ಬೇಕಾಗಿರುವುದು ಅದೇ. ಬರೆದದ್ದು ನಿಜವಾಗಿರಬೇಕೆಂಬುದು ಬೇರೆ ಹೇಳಬೇಕಾಗಿಲ್ಲವಾದರೂ, ‘ಸಂಪೂರ್ಣ ಸುರಕ್ಷಿತ’ ಎಂಬ ಮಾತನ್ನು ಮಾತ್ರ ದಯವಿಟ್ಟು ಕೈಬಿಡಿ. ಅದನ್ನು ಯಾವ ತಂತ್ರಾಂಶವೂ ಸಾಬೀತುಪಡಿಸಲಾರದು. ಗ್ರಾಹಕರ ಮಾಹಿತಿ ಅವರ ಫೋನಿನಿಂದಾಚೆ ಹೋಗುವುದಿಲ್ಲ ಎಂಬುದು ನಿಜವಾದರೆ, ಅಷ್ಟನ್ನೇ ಬರೆಯಿರಿ.