ಎರೆ ನಾಡಿನಲ್ಲಿ ಪಾಲಿಹೌಸ್: ಗಾಳಿಯ ದಾರಿ ಮೊದಲು, ಬೆಳೆ ಆಮೇಲೆ

ಲೇಹ್‌ನಂತಹ ಶೀತಪ್ರದೇಶದಲ್ಲಿ ಪಾಲಿಹೌಸ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ, ಕಟ್ಟುವವರಿಗೆ ಹಗಲಿನ ಶಾಖವನ್ನು ರಾತ್ರಿಯವರೆಗೆ ಹಿಡಿದಿಡುವುದೇ ದೊಡ್ಡ ಚಿಂತೆ. ಅಲ್ಲಿ ನೆಲವನ್ನು ತೋಡಿ, ತಗ್ಗಿನ ಮೇಲೆ ಹಾಳೆ ಹೊದಿಸಿ, ಚಳಿಗಾಲದಲ್ಲಿಯೂ ಸೊಪ್ಪು ಬೆಳೆಯುತ್ತಾರೆ. ಸ್ಪೇನ್ ದೇಶದ ಅಲ್ಮೇರಿಯಾದಲ್ಲಿ ಬಿಸಿಲು ಏರಿದಾಗ ಅದೇ ಹಾಳೆಗೆ ಸುಣ್ಣ ಬಳಿಯುತ್ತಾರೆ. ಧಾರವಾಡ, ಗದಗ, ಹಾವೇರಿಯ ರೈತರು ಕಲಿಯಬೇಕಾದುದು ಈ ಎರಡನೆಯವರಿಂದ. ನಮ್ಮ ಪಾಲಿಹೌಸ್ ಮಳೆಯನ್ನೂ ಕೀಟವನ್ನೂ ತಡೆದು, ಒಳಗಿನ ಬಿಸಿಯನ್ನು ಹೊರಗೆ ಬಿಡಬೇಕು.

ಆದ್ದರಿಂದ ನಕ್ಷೆ ಹಾಕುವಾಗಲೇ ಗಾಳಿಯ ದಾರಿಯನ್ನು ನಿರ್ಧರಿಸಿರಿ. ಬಿಸಿಗಾಳಿ ಮೇಲೇರುವುದರಿಂದ ಚಾವಣಿಯ ತುದಿಯಲ್ಲಿ ಉದ್ದಕ್ಕೂ ತೆರಪು ಇರಬೇಕು, ಪಕ್ಕದ ಪರದೆಗಳನ್ನು ಸುತ್ತಿ ಮೇಲೆತ್ತುವಂತಿರಬೇಕು. ಬಿಳಿನೊಣವನ್ನು ತಡೆಯಲು 40 ಮೆಶ್‌ನ, ಅಂದರೆ ಒಂದು ಅಂಗುಲ ಉದ್ದಕ್ಕೆ 40 ಕಣ್ಣುಗಳಿರುವ, ಬಲೆ ಸಾಮಾನ್ಯ. ಥ್ರಿಪ್ಸ್ ನುಸಿಗೆ ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು, ಆದರೆ ಬಲೆ ಸಣ್ಣದಾದಷ್ಟೂ ಗಾಳಿ ಕಡಿಮೆಯಾಗುವುದರಿಂದ ತೆರಪನ್ನು ಅಷ್ಟೇ ಹಿಗ್ಗಿಸಬೇಕು. ಎತ್ತರದಲ್ಲಿ ಜಿಪುಣತನ ಮಾಡಿದ ಸುರಂಗದಾಕಾರದ ತಗ್ಗು ಪಾಲಿಹೌಸ್‌ಗಳು ಏಪ್ರಿಲ್ ತಿಂಗಳಿನಲ್ಲಿ ಒಲೆಯಂತಾಗುತ್ತವೆ.

ಊರಿನಿಂದ ಊರಿಗೆ ಉಪಾಯ ಬದಲಾಗುತ್ತದೆ. ಗದಗದ ಒಣ ಬೇಸಿಗೆಯಲ್ಲಿ ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಚೆನ್ನಾಗಿ ತಂಪು ಕೊಡುತ್ತದೆ, ಏಕೆಂದರೆ ಒಣಗಾಳಿ ನೀರನ್ನು ಬೇಗ ಹೀರುತ್ತದೆ. ಜುಲೈ ತಿಂಗಳ ಧಾರವಾಡದಲ್ಲಿ ಅಥವಾ ಮಲೆನಾಡಿನ ಅಂಚಿಗಿರುವ ಹಾನಗಲ್ಲಿನಲ್ಲಿ ಅದನ್ನೇ ಓಡಿಸಿದರೆ ತಂಪು ಸಿಗುವುದಿಲ್ಲ, ಎಲೆ ಒದ್ದೆಯಾಗಿ ಶಿಲೀಂಧ್ರ ರೋಗಕ್ಕೆ ಆಹ್ವಾನ ಸಿಗುತ್ತದೆ. ಅಲ್ಲಿ ಬೆಳಿಗ್ಗೆ ಮಾತ್ರ ಹನಿ ನೀರಾವರಿ ಕೊಟ್ಟು, ಪರದೆ ತೆರೆದು, ಕೆಳಗಿನ ಎಲೆಗಳನ್ನು ತೆಗೆಯುವುದೇ ಸರಿ. ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ: ಮುಂಗಾರಿನ ಪಡುವಣ ಗಾಳಿ ಹಾಳೆಯನ್ನು ಎಳೆದು ಹರಿಯಬಲ್ಲದು. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಮರಗಳ ಸಾಲು ಇರಲಿ.

ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಕಟ್ಟುವವರಿಗೆ ಇನ್ನೊಂದು ಎಚ್ಚರ ಬೇಕು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಂಬಗಳ ಬುನಾದಿಯನ್ನು ಬಿರುಕಿನ ಆಳಕ್ಕಿಂತ ಕೆಳಗೆ ಇಳಿಸಬೇಕು. ಸಾಲುಗಳಿಗೆ ಮಸಾರಿ (ಕೆಂಪು) ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಸುಮಾರು ಒಂದಡಿ ಎತ್ತರದ ಮಡಿ ಮಾಡಿಕೊಳ್ಳಿರಿ.

ಬೆಳೆಯ ಆಯ್ಕೆಯಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ: ಬಲೆ ಕಟ್ಟಿದ ಮನೆಯೊಳಗೆ ಜೇನುನೊಣ ಬರುವುದಿಲ್ಲ. ಹೀಗಾಗಿ ಸೌತೆಯಲ್ಲಿ ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುವ ತಳಿಯನ್ನೇ ಕೇಳಿ ತರಬೇಕು. ಟೊಮ್ಯಾಟೊ ಹೂಗೊಂಚಲನ್ನು ಬೆಳಗಿನ ಹೊತ್ತು ಮೆಲ್ಲಗೆ ಅಲುಗಿಸಿದರೆ ಸಾಕು. ಕರಬೂಜ ಬೆಳೆಯುವವರು ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಕೈಯಾರೆ ಮುಟ್ಟಿಸಬೇಕು, ಬಳ್ಳಿಯ ಮೇಲಿನ ಹಣ್ಣಿಗೆ ಬಲೆಯ ಜೋಳಿಗೆ ಕಟ್ಟಬೇಕು. ಡೊಣ್ಣ ಮೆಣಸಿನಕಾಯಿ ತಾಪ 32 ಡಿಗ್ರಿ ದಾಟಿದರೆ ಹೂ ಉದುರಿಸುತ್ತದೆ. ಅದನ್ನು ಮಳೆಗಾಲದಲ್ಲಿ ನಾಟಿ ಮಾಡಿ, ಚಳಿಗಾಲದಲ್ಲಿ ಮುಖ್ಯ ಕೊಯ್ಲು ಪಡೆಯುವುದು ನನಗೆ ಸರಿ ಕಾಣುತ್ತದೆ. ಬೇಸಿಗೆಯಲ್ಲಿಯೂ ಗಿಡ ಉಳಿಸುವವರು ನಡುಹಗಲಿನಲ್ಲಿ ಮಾತ್ರ ನೆರಳು ಪರದೆ ಎಳೆಯಲಿ. ದಿನವಿಡೀ ನೆರಳಾದರೆ ಕಾಂಡ ಸೊರಗಿ ಉದ್ದವಾಗುತ್ತದೆ.

ಚಾವಣಿಯ ಮಳೆನೀರನ್ನು ಚರಂಡಿಗೆ ಬಿಡಬೇಡಿರಿ. 10 ಗುಂಟೆಯ ಚಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 6 ಲಕ್ಷ ಲೀಟರ್ ನೀರಾಗುತ್ತದೆ. ಅದನ್ನು ಕೃಷಿಹೊಂಡಕ್ಕೆ ತಿರುಗಿಸಿಕೊಂಡರೆ ಸವಳು ಬೋರ್‌ವೆಲ್ ನೀರಿನಿಂದ ಮಡಿಯಲ್ಲಿ ಉಪ್ಪು ಕೂಡುವುದೂ ಡ್ರಿಪ್ ಕೊಳವೆ ಕಟ್ಟುವುದೂ ತಗ್ಗುತ್ತವೆ.

ಒಂದೇ ನೆಲದಲ್ಲಿ ವರ್ಷ ವರ್ಷ ಬೆಳೆದಾಗ ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮ ಜಂತುಹುಳು (ನೆಮಟೋಡ್) ಸೇರುತ್ತದೆ. ಇದಕ್ಕೆ ನಮ್ಮ ಬಿಸಿಲನ್ನೇ ಬಳಸಿಕೊಳ್ಳಬಹುದು: ಏಪ್ರಿಲ್‌ನಲ್ಲಿ ಬೆಳೆ ಕಿತ್ತು, ಬೇರುಗಳನ್ನು ಆರಿಸಿ ಹೊರಗೆ ಸುಟ್ಟು, ಮಡಿಯನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ತೆಳು ಹಾಳೆಯನ್ನು ಅಂಚಿಗೆಲ್ಲ ಮಣ್ಣು ಮುಚ್ಚಿ ಬಿಗಿಯಾಗಿ ಹೊದಿಸಿ, 4ರಿಂದ 6 ವಾರ ಹಾಗೆಯೇ ಬಿಡಬೇಕು. ಆ ದಿನಗಳಲ್ಲಿ ಮಾತ್ರ ಪಾಲಿಹೌಸಿನ ಪರದೆಗಳೆಲ್ಲ ಮುಚ್ಚಿರಲಿ.