ಮಾರ್ಚ್ ಬರುವಷ್ಟರಲ್ಲಿ ಮುಚ್ಚಿಹೋಗುವ ಬಾಗಿಲುಗಳು

ಅಂಗಡಿ, ವರ್ಕ್‌ಶಾಪ್, ಸಣ್ಣ ಕಾರ್ಖಾನೆ ನಡೆಸುವ ಹೆಚ್ಚಿನವರಿಗೆ ಆಡಿಟರ್ ನೆನಪಾಗುವುದು ಮಾರ್ಚ್ ಕೊನೆಯ ವಾರದಲ್ಲಿ, ಇಲ್ಲವೇ ರಿಟರ್ನ್ಸ್ ಗಡುವು ಹತ್ತಿರ ಬಂದಾಗ. ಅಷ್ಟೊತ್ತಿಗೆ ಅವರು ಲೆಕ್ಕ ಬರೆದುಕೊಡಬಹುದು, ತೆರಿಗೆ ಇಳಿಸುವುದು ಕಷ್ಟ. ಇಳಿಸುವ ದಾರಿಗಳಿಗೆ ವರ್ಷದ ಮಧ್ಯದಲ್ಲೇ ಗಡುವುಗಳಿವೆ.

ಮೊದಲು ಮುಂಗಡ ತೆರಿಗೆ. ಟಿಡಿಎಸ್ (ನಿಮಗೆ ಹಣ ಕೊಡುವವರೇ ಮುರಿದುಕೊಂಡು ಕಟ್ಟುವ ತೆರಿಗೆ) ಕಳೆದ ಮೇಲೆ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಂತಿನಲ್ಲಿ ಕಟ್ಟಬೇಕು: ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ. ವರ್ಷದ ತೆರಿಗೆ 4 ಲಕ್ಷ ಎಂದಿಟ್ಟುಕೊಳ್ಳಿ. ಒಂದು ಕಂತೂ ಕಟ್ಟದೆ ವರ್ಷ ಮುಗಿದ ಮೇಲೆ ಜುಲೈನಲ್ಲಿ ಒಟ್ಟಿಗೆ ಕಟ್ಟಿದರೆ ಕಂತು ತಪ್ಪಿದ್ದಕ್ಕೆ ಬಡ್ಡಿ ಕ್ರಮವಾಗಿ 1,800, 5,400, 9,000 ಮತ್ತು 4,000. ಅದರ ಮೇಲೆ ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳಿಗೆ ಶೇ. 1ರಂತೆ ಇನ್ನೂ 16,000. ಒಟ್ಟು 36,200 ರೂಪಾಯಿ. ಈ ಬಡ್ಡಿಯನ್ನು ವ್ಯಾಪಾರದ ಖರ್ಚು ಎಂದು ತೋರಿಸುವ ಹಾಗೂ ಇಲ್ಲ.

ಲೆಕ್ಕ ಕರಾರುವಾಕ್ಕಾಗಿ ಇರಬೇಕೆಂದೇನೂ ಇಲ್ಲ. ಜೂನ್ ಮೊದಲ ವಾರದಲ್ಲಿ ಎರಡು ತಿಂಗಳ ಮಾರಾಟ ನೋಡಿ, ಹೋದ ವರ್ಷದ ಲಾಭದ ಪ್ರಮಾಣ ಹಾಕಿ ಅಂದಾಜು ಮಾಡಿದರೆ ಸಾಕು. ಜೂನ್‌ನಲ್ಲಿ ಶೇ. 12, ಸೆಪ್ಟೆಂಬರ್‌ನಲ್ಲಿ ಶೇ. 36 ಮುಟ್ಟಿದ್ದರೆ ಆ ಎರಡು ಕಂತಿಗೆ ಬಡ್ಡಿ ಬೀಳುವುದಿಲ್ಲ.

ಯಂತ್ರ ಕೊಳ್ಳುವವರು ನೋಡಬೇಕಾದ ದಿನ ಅಕ್ಟೋಬರ್ 3. ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಸವಕಳಿ, ಅಂದರೆ ಆಸ್ತಿಯ ಸವೆತಕ್ಕೆಂದು ವರ್ಷವರ್ಷ ಲಾಭದಲ್ಲಿ ಕಳೆಯುವ ಮೊತ್ತ, ಅರ್ಧ ಮಾತ್ರ. ಪೀಣ್ಯದಲ್ಲೊಂದು ವರ್ಕ್‌ಶಾಪ್ 10 ಲಕ್ಷದ ಲೇತ್ ತರಿಸುತ್ತದೆ ಎನ್ನಿ. ಬಿಲ್ಲು ಸೆಪ್ಟೆಂಬರ್ 20ರದ್ದು, ಯಂತ್ರ ಶೆಡ್ಡಿಗೆ ಬಂದದ್ದು 28ಕ್ಕೆ. ಆದರೆ ಫೌಂಡೇಶನ್ ಒಣಗಿ, ಹೆಚ್ಚುವರಿ ಲೋಡ್ ಮಂಜೂರಾಗಿ ಯಂತ್ರ ತಿರುಗಿದ್ದು ಅಕ್ಟೋಬರ್ 20ಕ್ಕೆ. ಲೆಕ್ಕಕ್ಕೆ ಹಿಡಿಯುವುದು ಬಿಲ್ಲಿನ ತಾರೀಖಲ್ಲ, ಬಳಕೆಗೆ ಬಂದ ತಾರೀಖು. ಹಾಗಾಗಿ ಶೇ. 15ರ ದರದಲ್ಲಿ ಸಿಗಬೇಕಿದ್ದ 1,50,000ದ ಬದಲು ಈ ವರ್ಷ ಸಿಗುವುದು 75,000. ಉಳಿದದ್ದು ಮುಳುಗುವುದಿಲ್ಲ, ಮುಂದಿನ ವರ್ಷಗಳಿಗೆ ಹಂಚಿಹೋಗುತ್ತದೆ. ಆದರೆ ಈ ವರ್ಷ ಕೈಯಲ್ಲಿ ಉಳಿಯಬೇಕಿದ್ದ ದುಡ್ಡು ಉಳಿಯುವುದಿಲ್ಲ. ಜೂನ್‌ನಲ್ಲೇ ಕೊಟೇಶನ್ ತರಿಸಿ, ಕರೆಂಟಿನ ಅರ್ಜಿಯನ್ನು ಯಂತ್ರದ ಆರ್ಡರ್ ಜೊತೆಗೇ ಹಾಕಿ. ಇನ್‌ಸ್ಟಲೇಶನ್ ರಿಪೋರ್ಟ್ ಮತ್ತು ಯಂತ್ರದಲ್ಲಿ ಮಾಡಿದ ಮೊದಲ ಕೆಲಸದ ಜಾಬ್ ಕಾರ್ಡನ್ನು ಬಿಲ್ಲಿನ ಜೊತೆ ಪಿನ್ ಮಾಡಿಡಿ. ಮುಂದೆ ಪ್ರಶ್ನೆ ಬಂದರೆ ತೋರಿಸಲು ಬೇಕಾಗುವುದು ಅವೇ. ಹಾಗೆಂದು ಸವಕಳಿಯ ಆಸೆಗೆ ಬೇಡದ ಯಂತ್ರ ಕೊಳ್ಳುವುದು ಮಾತ್ರ ದಡ್ಡತನ.

ಈಗೀಗ ಹೆಚ್ಚು ಜನ ಎಡವುತ್ತಿರುವುದು ಸಣ್ಣ ಸರಬರಾಜುದಾರರ ಬಾಕಿಯಲ್ಲಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಲಿಖಿತ ಕರಾರು ಇದ್ದರೆ ಅದರಂತೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಹಾಗೇ ಉಳಿದಿದ್ದರೆ ಆ ಖರ್ಚು ಈ ವರ್ಷ ನಡೆಯುವುದಿಲ್ಲ, ಕೊಟ್ಟ ವರ್ಷಕ್ಕೆ ಹೋಗುತ್ತದೆ. ಜನವರಿ 20ಕ್ಕೆ ಪೌಡರ್ ಕೋಟಿಂಗ್‌ನವರು ಮಾಡಿಕೊಟ್ಟ 3 ಲಕ್ಷದ ಕೆಲಸಕ್ಕೆ ಏಪ್ರಿಲ್ 10ಕ್ಕೆ ಹಣ ಹಾಕಿದಿರೋ, ಈ ವರ್ಷದ ಲಾಭಕ್ಕೆ 3 ಲಕ್ಷ ಸೇರಿತು. ಮಾರ್ಚ್ 30ಕ್ಕೆ ಹಾಕಿದ್ದರೆ ಖರ್ಚು ಉಳಿಯುತ್ತಿತ್ತು. ಬರೀ ವ್ಯಾಪಾರ ಮಾಡುವವರಿಗೆ ಉದ್ಯಮ್ ನಂಬರ್ ಇದ್ದರೂ ಈ ನಿಯಮ ಅನ್ವಯಿಸುವುದಿಲ್ಲ. ಅದಕ್ಕೇ ಎಲ್ಲ ಸರಬರಾಜುದಾರರಿಂದ ಉದ್ಯಮ್ ಪ್ರಮಾಣಪತ್ರದ ಪ್ರತಿ ಡಿಸೆಂಬರ್‌ನಲ್ಲೇ ತರಿಸಿಕೊಂಡು, ಯಾರು ತಯಾರಕರು, ಯಾರು ವ್ಯಾಪಾರಿಗಳು ಎಂದು ಗುರುತು ಹಾಕಿಡಿ. ಫೆಬ್ರವರಿಯಲ್ಲಿ ಬಾಕಿ ಪಟ್ಟಿ ತೆಗೆದಾಗ ಮೊದಲು ಯಾರಿಗೆ ಕೊಡಬೇಕೆಂದು ತಾನೇ ಗೊತ್ತಾಗುತ್ತದೆ.

ನಗದು ಖರ್ಚಿನದ್ದು ದಿನನಿತ್ಯದ ವಿಷಯ. ಒಬ್ಬರಿಗೆ ಒಂದೇ ದಿನ 10,000 ದಾಟಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಪೂರ್ತಿ ಹೋಯಿತು. ಲಾರಿಯವರಿಗೆ ಈ ಮಿತಿ 35,000. ಎರಡು ವೋಚರ್ ಬರೆದರೂ ದಿನ ಒಂದೇ ಆಗಿದ್ದರೆ ಪ್ರಯೋಜನವಿಲ್ಲ.

ಇನ್ನು ವಹಿವಾಟಿನ ನಿಗದಿತ ಶೇಕಡಾವನ್ನೇ ಲಾಭವೆಂದು ತೋರಿಸುವ ಅಂದಾಜು ಲಾಭದ ಪದ್ಧತಿ, ಅಂದರೆ ಎಲ್ಲರ ಬಾಯಲ್ಲಿರುವ 44ಎಡಿ. (2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ, ಹಳೆಯ ಹೆಸರು ಸುಲಭಕ್ಕೆ ಹೋಗುವಂತಿಲ್ಲ.) ವಹಿವಾಟು 2 ಕೋಟಿವರೆಗೆ, ನಗದು ಶೇ. 5 ಮೀರದಿದ್ದರೆ 3 ಕೋಟಿವರೆಗೆ ಇದು ಸಿಗುತ್ತದೆ. ಬ್ಯಾಂಕಿಗೆ, ಯುಪಿಐಗೆ ಬಂದ ಹಣಕ್ಕೆ ಶೇ. 6, ನಗದಿಗೆ ಶೇ. 8 ಲಾಭ ಎಂದು ತೋರಿಸಬೇಕು. ಒಂದೂವರೆ ಕೋಟಿ ಪೂರ್ತಿ ಬ್ಯಾಂಕಿಗೇ ಬಂದರೆ ಲಾಭ 9 ಲಕ್ಷ, ಅರ್ಧ ನಗದಾದರೆ ಹತ್ತೂವರೆ ಲಕ್ಷ. ಈ ಪದ್ಧತಿಯವರಿಗೆ ಮುಂಗಡ ತೆರಿಗೆ ಒಂದೇ ಕಂತು, ಮಾರ್ಚ್ 15ಕ್ಕೆ. ಒಂದು ವರ್ಷ ಕಡಿಮೆ ಲಾಭ ತೋರಿಸಲು ಇದರಿಂದ ಹೊರಬಿದ್ದರೆ ಮುಂದಿನ ಐದು ವರ್ಷ ಒಳಗೆ ಬರಲು ಆಗುವುದಿಲ್ಲ. ಹೊರಬೀಳುವ ಮುಂಚೆ ಐದೂ ವರ್ಷದ ಲೆಕ್ಕ ಹಾಕಿಸಿ.

ಮಾರ್ಚ್‌ನಲ್ಲಿ ಅವಸರದಲ್ಲಿ ಕೊಳ್ಳುವ ವಿಮೆ ಪಾಲಿಸಿ ಹೊಸ ತೆರಿಗೆ ಪದ್ಧತಿಯಲ್ಲಿದ್ದವರಿಗೆ (ಅದರಲ್ಲಿ ದರ ಕಡಿಮೆ, ವಿನಾಯಿತಿಯೂ ಕಡಿಮೆ) ಒಂದು ರೂಪಾಯಿ ತೆರಿಗೆಯನ್ನೂ ಉಳಿಸುವುದಿಲ್ಲ. ಸಂಬಳದಾರರ ಹಾಗೆ ವರ್ಷಕ್ಕೊಮ್ಮೆ ಪದ್ಧತಿ ಬದಲಿಸುವ ಅವಕಾಶವೂ ವ್ಯಾಪಾರದ ಆದಾಯ ಇರುವವರಿಗಿಲ್ಲ. ಹಳೆಯದಕ್ಕೆ ಹೋಗಿ ಹೊಸದಕ್ಕೆ ವಾಪಸ್ ಬಂದರೆ, ವ್ಯಾಪಾರ ಇರುವ ತನಕ ಮತ್ತೆ ಹಳೆಯದಿಲ್ಲ.

ಸೆಪ್ಟೆಂಬರ್ ಮೊದಲ ವಾರ ಆಡಿಟರ್ ಬಳಿ ಹೋಗುವಾಗ ಆಗಸ್ಟ್‌ವರೆಗಿನ ಮಾರಾಟ-ಖರೀದಿ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಷ್ಟು ಟಿಡಿಎಸ್ ಕಡಿತವಾಗಿದೆ ಎಂದು ತೋರಿಸುವ ತೆರಿಗೆ ಇಲಾಖೆಯ ಪಟ್ಟಿ (ಹಳೆಯ ಹೆಸರು 26ಎಎಸ್), ಸಾಲದ ಬಡ್ಡಿಯ ವಿವರ, ಕೊಳ್ಳಬೇಕೆಂದಿರುವ ಯಂತ್ರದ ಕೊಟೇಶನ್ ಇಷ್ಟನ್ನು ಒಯ್ಯಿರಿ. ವೃತ್ತಿ ತೆರಿಗೆಯ 2,500 ರೂಪಾಯಿ ಏಪ್ರಿಲ್ 30ರೊಳಗೆ ಕಟ್ಟಿದ್ದೀರಾ ಎಂದು ಅಲ್ಲೇ ಒಮ್ಮೆ ನೋಡಿಸಿಕೊಳ್ಳಿ. ಮರೆತುಹೋಗುವುದು ಹೆಚ್ಚಾಗಿ ಅದೇ.